ದೂರದರ್ಶಕದಲ್ಲಿ ಗುರು ಗ್ರಹ ಕಲಕಿದಂತೆ ಕಾಣುವುದೇಕೆ?

ನಿಮ್ಮ ಹತ್ತಿರ ಇರುವುದು 6 ಇಂಚಿನ ಎಫ್/8 (ನಾಭಿದೂರ ಕನ್ನಡಿಯ ಅಗಲದ 8 ಪಟ್ಟು) ಡಾಬ್ಸೋನಿಯನ್, ಅಂದರೆ ಕೈಯಿಂದ ತಿರುಗಿಸುವ ಪೀಠದ ಕನ್ನಡಿ ದೂರದರ್ಶಕ; ಕಣ್ಣಿಡುವ ಮಸೂರಗಳಾದ 25 ಮತ್ತು 10 ಮಿ.ಮೀ. ಐಪೀಸ್; ಐಪೀಸಿನ ಹಿಗ್ಗುವಿಕೆಯನ್ನು ಇಮ್ಮಡಿಸುವ ಒಂದು 2 ಪಟ್ಟಿನ ಬಾರ್ಲೋ ಮಸೂರ. ತಾರಸಿಯಿಂದ ನೋಡಿದರೆ ಗುರು ಕುದಿಯುವ ನೀರಿನ ತಳದಲ್ಲಿಟ್ಟ ನಾಣ್ಯದಂತೆ ಅಲುಗುತ್ತದೆ, ಅದರ ಮೈಮೇಲಿನ ಪಟ್ಟೆಗಳೇ ಕಾಣುವುದಿಲ್ಲ. ಕನ್ನಡಿ ಕೆಟ್ಟಿದೆಯೇ ಎಂದು ಕೇಳಿದ್ದೀರಿ.

ಕನ್ನಡಿ ಕೆಟ್ಟಿರುವ ಸಂಭವ ತೀರಾ ಕಡಿಮೆ. ಮೊದಲು ಬಾರ್ಲೋ ತೆಗೆದಿಡಿ. ನಿಮ್ಮ ದೂರದರ್ಶಕದ ನಾಭಿದೂರ (ಕನ್ನಡಿಯಿಂದ ಬಿಂಬ ಮೂಡುವ ಜಾಗದವರೆಗಿನ ದೂರ) 1200 ಮಿ.ಮೀ.; ಅದನ್ನು ಐಪೀಸಿನ ಮಿ.ಮೀ.ಯಿಂದ ಭಾಗಿಸಿದರೆ 10 ಮಿ.ಮೀ. ಐಪೀಸ್ 120 ಪಟ್ಟು ಹಿಗ್ಗಿಸುತ್ತದೆ, ಬಾರ್ಲೋ ಸೇರಿದರೆ 240. ಗ್ರಹದ ಜೊತೆಗೆ ಗಾಳಿಯ ಅಲುಗಾಟವೂ ಅಷ್ಟೇ ಹಿಗ್ಗುತ್ತದೆ, ಬೆಳಕು ಮಂಕಾಗುತ್ತದೆ. ಹೆಚ್ಚಿನ ರಾತ್ರಿಗಳಿಗೆ 120ರಿಂದ 170 ಸಾಕು. ಮುಂದೆ ದುಡ್ಡು ಹಾಕುವುದಾದರೆ 7 ಮಿ.ಮೀ. ಐಪೀಸಿಗೆ ಹಾಕಿ.

ಆದರೆ ನನ್ನ ಅನುಮಾನ ಮುಖ್ಯವಾಗಿ ತಾರಸಿಯ ಮೇಲೆ. ಹಗಲಿಡೀ ಬಿಸಿಲು ಕುಡಿದ ಆರ್‌ಸಿಸಿ ಚಪ್ಪಡಿ ರಾತ್ರಿ ಬಹಳ ಹೊತ್ತು ಶಾಖ ಬಿಡುತ್ತಲೇ ಇರುತ್ತದೆ, ಆ ಬಿಸಿಗಾಳಿ ಕೊಳವೆಯ ಬಾಯಿಯ ಮುಂದೆಯೇ ಏಳುತ್ತದೆ. ಸಂಜೆ ನೀರು ಹಾಕಿದರೆ ಸ್ವಲ್ಪ ತಗ್ಗುತ್ತದೆ. ಹಿತ್ತಲಿನ ಮಣ್ಣು ಅಥವಾ ಹುಲ್ಲಿನ ಮೇಲೆ ಇಟ್ಟರೆ ಇನ್ನೂ ಒಳ್ಳೆಯದು. ಪಕ್ಕದ ಮನೆಯ ಶೀಟಿನ ಮೇಲಿಂದ ಹಾದು ನೋಡಬೇಡಿ. ಕನ್ನಡಿಯೂ ಹೊರಗಿನ ಗಾಳಿಯಷ್ಟೇ ತಣ್ಣಗಾಗಬೇಕು, ಅದಕ್ಕೆ ಮುಕ್ಕಾಲು ಗಂಟೆ ಮೊದಲೇ ಹೊರಗಿಡಿ.

ತೊಂದರೆ ಎಲ್ಲಿದೆ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಮೇಲೆ ಇರುವ ಪ್ರಕಾಶಮಾನ ನಕ್ಷತ್ರವೊಂದನ್ನು 120 ಪಟ್ಟಿನಲ್ಲಿ ನಡುವೆ ತಂದು, ಫೋಕಸನ್ನು ಸ್ವಲ್ಪವೇ ಕೆಡಿಸಿ. ನಡುವೆ ಕಪ್ಪು ಚುಕ್ಕೆ (ಕೊಳವೆಯೊಳಗಿನ ಚಿಕ್ಕ ಕನ್ನಡಿಯ ನೆರಳು), ಸುತ್ತ ಉಂಗುರಗಳು ಕಾಣುತ್ತವೆ. ಉಂಗುರಗಳೊಳಗೆ ಊದುಬತ್ತಿಯ ಹೊಗೆಯಂತೆ ನಿಧಾನಕ್ಕೆ ಸುರುಳಿ ಏಳುತ್ತಿದ್ದರೆ ಕೊಳವೆ ಇನ್ನೂ ಬಿಸಿಯಿದೆ, ಕಾಯಿರಿ. ಹರಿಯುವ ನೀರಿನಂತೆ ಅಲೆಗಳು ಸರಸರನೆ ಅಡ್ಡ ಹಾಯುತ್ತಿದ್ದರೆ ಅದು ಮೇಲಿನ ಗಾಳಿ; ಆ ರಾತ್ರಿ ಏನೂ ಮಾಡುವಂತಿಲ್ಲ, ಬೆಳಗಿನ ಜಾವ 4 ಗಂಟೆಗೆ ಮತ್ತೆ ನೋಡಿ. ಕಪ್ಪು ಚುಕ್ಕೆ ಒಂದು ಬದಿಗೆ ಸರಿದಿದ್ದರೆ ಕೊಲಿಮೇಷನ್, ಅಂದರೆ ಕನ್ನಡಿಗಳ ನೇರ ಹೊಂದಾಣಿಕೆ, ತಪ್ಪಿದೆ. ಆಗ ಪ್ರಧಾನ ಕನ್ನಡಿಯ (ಕೊಳವೆಯ ತಳದ ದೊಡ್ಡ ಕನ್ನಡಿ) ಹಿಂದಿನ ಮೂರು ತಿರುಪುಗಳಲ್ಲಿ ಒಂದನ್ನು ಕಾಲು ಸುತ್ತು ತಿರುಗಿಸಿ, ನಕ್ಷತ್ರವನ್ನು ಮತ್ತೆ ನಡುವೆ ತಂದು ನೋಡಿ. ಹೆಚ್ಚು ಕೆಟ್ಟರೆ ಹಿಂದಕ್ಕೆ ತಿರುಗಿಸಿ. ಲಾಕ್ ತಿರುಪುಗಳಿದ್ದರೆ ಮೊದಲು ಸಡಿಲಿಸಿರಬೇಕು. ಈ ಪರೀಕ್ಷೆಗೆ ಧ್ರುವ ನಕ್ಷತ್ರ ಬಳಸಿ ಎಂದು ಹಲವು ಕೈಪಿಡಿಗಳು ಹೇಳುತ್ತವೆ. ಅದು ಯುರೋಪಿನವರಿಗೆ ಸರಿ. ಬೆಂಗಳೂರಿನಲ್ಲಿ ಅದು ದಿಗಂತದಿಂದ 13 ಡಿಗ್ರಿ ಮಾತ್ರ ಮೇಲಿರುತ್ತದೆ, ಅಷ್ಟು ಕೆಳಗಿನ ದಪ್ಪ ಗಾಳಿಯಲ್ಲಿ ಉಂಗುರಗಳೇ ನಿಲ್ಲುವುದಿಲ್ಲ.

ಅದೇ ಕಾರಣಕ್ಕೆ ಗುರು ಕನಿಷ್ಠ 40 ಡಿಗ್ರಿ ಏರುವವರೆಗೆ ಕಾಯಿರಿ. ನಮ್ಮ ಅಕ್ಷಾಂಶದಲ್ಲಿ ಗ್ರಹಗಳು ನೆತ್ತಿಯ ಹತ್ತಿರ ಬರುವುದು ದೊಡ್ಡ ಅನುಕೂಲ, ಬಿಡಬೇಡಿ. ಸರಿಯಾಗಿ ನೆತ್ತಿಗೆ ಬಂದಾಗ ಮಾತ್ರ ಡಾಬ್ಸೋನಿಯನ್ ತಿರುಗಿಸುವುದು ಕಷ್ಟ.

ಇನ್ನು ನೋಡುವ ರೀತಿ. 120 ಪಟ್ಟಿನಲ್ಲಿ ಗ್ರಹ ಸುಮಾರು 100 ಸೆಕೆಂಡಿನಲ್ಲಿ ಐಪೀಸ್ ದಾಟಿಬಿಡುತ್ತದೆ. ಅಂಚಿನಲ್ಲಿಟ್ಟು, ಕೈ ತೆಗೆದು, ಹಾಯಲು ಬಿಡಿ. ಕನಿಷ್ಠ 20 ನಿಮಿಷ ನೋಡಿ. ಗಾಳಿ ಒಂದೆರಡು ಸೆಕೆಂಡು ತಟಸ್ಥವಾದಾಗ ಸಮಭಾಜಕದ ಎರಡು ಕಂದು ಪಟ್ಟೆಗಳು ತಟ್ಟನೆ ಗೆರೆ ಎಳೆದಂತೆ ನಿಲ್ಲುತ್ತವೆ. ಉಪಗ್ರಹವೊಂದರ ನೆರಳು ಬಿದ್ದಿದ್ದರೆ ಶಾಯಿಯ ಚುಕ್ಕೆಯಷ್ಟು ಕಪ್ಪಗೆ ಕಾಣುತ್ತದೆ, ಬಹಳ ಚೆಂದ. ಗುರುವಿನ ಮೇಲಿನ ದೈತ್ಯ ಬಿರುಗಾಳಿಯಾದ ಕೆಂಪು ಮಚ್ಚೆ ಫೋಟೊಗಳಷ್ಟು ಕೆಂಪಗಿರುವುದಿಲ್ಲ, ತಿಳಿ ಕಿತ್ತಳೆ. ಗುರು 10 ಗಂಟೆಯೊಳಗೆ ಒಂದು ಸುತ್ತು ಮುಗಿಸುವುದರಿಂದ, ಮಚ್ಚೆ ಆ ಹೊತ್ತಿಗೆ ನಮ್ಮ ಕಡೆ ಇದೆಯೇ ಎಂದು ಸ್ಟೆಲೇರಿಯಂ ಎಂಬ ಆಕಾಶ ತೋರಿಸುವ ತಂತ್ರಾಂಶದಲ್ಲಿ ನೋಡಿಕೊಂಡು ಹೋಗಿ.

ಇಷ್ಟೆಲ್ಲ ಆದ ಮೇಲೂ ನಕ್ಷತ್ರದ ಉಂಗುರಗಳು ತ್ರಿಕೋನದಂತೆ ಕಂಡರೆ, ಪ್ರಧಾನ ಕನ್ನಡಿಯನ್ನು ಹಿಡಿದಿರುವ ಮೂರು ಕ್ಲಿಪ್ಪುಗಳು ಬಿಗಿಯಾಗಿವೆ. ಕನ್ನಡಿಗೂ ಕ್ಲಿಪ್ಪಿಗೂ ನಡುವೆ ಒಂದು ಕಾಗದ ತೂರುವಷ್ಟು ಸಡಿಲಿಸಿ, ಕೊಲಿಮೇಷನ್ ಮತ್ತೊಮ್ಮೆ ಮಾಡಿ.