ಪೇಸ್‌ಮೇಕರ್ ವೈರ್ ಜಾಗದಲ್ಲಿದೆಯಾ ಅಂತ ನೋಡಲು ಸಿಟಿ ಮಾಡಿಸಬೇಕಾ, ಎಂಆರ್‌ಐ ಮಾಡಿಸಬೇಕಾ?

ಪೇಸ್‌ಮೇಕರ್ ಹಾಕಿಸಿದ ಮೇಲೂ ಅಪ್ಪನಿಗೆ ತಲೆಸುತ್ತು ನಿಂತಿಲ್ಲ, ಯಾವ ಸ್ಕ್ಯಾನ್ ಮಾಡಿಸಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ನಮ್ಮ ಅಮ್ಮನಿಗೂ ಹೀಗೇ ಆಗಿತ್ತು.

ಅಮ್ಮನಿಗೆ ಕಂಪ್ಲೀಟ್ ಹಾರ್ಟ್ ಬ್ಲಾಕ್ ಇತ್ತು, ಅಂದರೆ ಹೃದಯದ ಮೇಲಿನ ಕೋಣೆಯಿಂದ ಕೆಳಕೋಣೆಗೆ ಬಡಿತದ ಸಂಕೇತ ತಲುಪುತ್ತಿರಲಿಲ್ಲ. ಪೇಸ್‌ಮೇಕರ್ ಹಾಕಿ ಮನೆಗೆ ಕಳಿಸಿದರು. ಕೆಲವೇ ವಾರಗಳಲ್ಲಿ ಮತ್ತೆ ತಲೆ ತಿರುಗಲು ಶುರುವಾಯಿತು. ಹೋಗಿ ತೋರಿಸಿದರೆ ಒಂದು ಎಕ್ಸ್‌ರೇ ತೆಗೆದು, ವೈರ್ ಸರಿಯಾಗಿದೆ, ಸುಸ್ತಿಗೆ ಹಾಗಾಗುತ್ತೆ ಅಂದರು. ಅದಾದ ಮೇಲೆ ಅಮ್ಮ ಬಚ್ಚಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡರು.

ಎಡವಟ್ಟಾಗಿದ್ದು ಆ ಎಕ್ಸ್‌ರೇಯಲ್ಲಿ. ನೇರವಾಗಿ ತೆಗೆದ ಒಂದೇ ಚಿತ್ರ ಅದು. ಅದರಲ್ಲಿ ಎಡ ಬಲ, ಮೇಲೆ ಕೆಳಗೆ ತಿಳಿಯುತ್ತೆ. ಹಿಂದೆ ಮುಂದೆ ತಿಳಿಯಲ್ಲ. ಹೃದಯದ ಬಲಗಡೆಯ ಕೆಳಕೋಣೆ ಇರುವುದು ಮುಂದೆ, ಎದೆಮೂಳೆಯ ಹಿಂದೆಯೇ. ಅಲ್ಲಿ ಕೂರಿಸಿದ ವೈರಿನ ತುದಿ ಸೈಡ್ ವ್ಯೂನಲ್ಲಿ ಎದೆಮೂಳೆಯ ಕಡೆಗೇ ಇರಬೇಕು. ಬೆನ್ನಿನ ಕಡೆ ತಿರುಗಿದ್ದರೆ ಅದು ಕೊರೊನರಿ ಸೈನಸ್ ಎಂಬ ರಕ್ತನಾಳಕ್ಕೋ, ಎಡಕೋಣೆಗೋ ಹೋಗಿರಬಹುದು. ನೇರ ಚಿತ್ರದಲ್ಲಿ ಇವೆಲ್ಲ ಹೆಚ್ಚುಕಡಿಮೆ ಒಂದೇ ಥರ ಕಾಣಬಹುದು! ಅಮ್ಮನ ವೈರ್ ಹಿಂದಿನ ರಕ್ತನಾಳದಲ್ಲಿತ್ತು. (ಮೂರು ವೈರಿನ ಪೇಸ್‌ಮೇಕರ್ ಆದರೆ ಒಂದನ್ನು ಬೇಕೆಂದೇ ಹಿಂದೆ ಕಳಿಸಿರುತ್ತಾರೆ, ಅದು ಬೇರೆ ವಿಷಯ.)

ಬೇರೆ ಡಾಕ್ಟರ್ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದೇ ಸೈಡ್ ವ್ಯೂ. ಜೊತೆಗೆ ಪ್ರೋಗ್ರಾಮರ್ ಯಂತ್ರದಿಂದ ಪೇಸ್‌ಮೇಕರ್ ಚೆಕ್ ಮಾಡಿಸಿದರು. ಡಬ್ಬಿ ಕರೆಂಟ್ ಕೊಡುತ್ತಿತ್ತು, ಆದರೆ ಹೃದಯ ಪ್ರತಿ ಸಲವೂ ಬಡಿಯುತ್ತಿರಲಿಲ್ಲ. ಥ್ರೆಶೋಲ್ಡ್ ಏರಿತ್ತು. ಅಂದರೆ ಒಂದು ಬಡಿತ ಎಬ್ಬಿಸಲು ಬೇಕಾದ ಕರೆಂಟ್ ಜಾಸ್ತಿಯಾಗಿತ್ತು. ವೈರನ್ನು ಸರಿಯಾದ ಜಾಗದಲ್ಲಿ ಕೂರಿಸಿದ ಮೇಲೆ ತಲೆಸುತ್ತು ನಿಂತಿತು.

ಹಾಗಾಗಿ ದೊಡ್ಡ ಸ್ಕ್ಯಾನ್ ಮಾಡಿಸಿದರೆ ಚೆನ್ನಾಗಿ ಕಾಣುತ್ತೆ ಅನ್ನೋದನ್ನ ನಾನು ಒಪ್ಪಲ್ಲ. ಎಂಆರ್‌ಐಯಲ್ಲಿ ಲೋಹದ ಸುತ್ತ ಚಿತ್ರವೇ ಕೆಡುತ್ತೆ. ಡಬ್ಬಿ, ವೈರ್ ಎರಡೂ ಎಂಆರ್‌ಐಗೆ ಹೊಂದುವಂಥವು ಆಗಿರಬೇಕು, ಸೆಟ್ಟಿಂಗ್ ಬದಲಿಸಬೇಕು. ವೈರ್ ಹುಡುಕಲು ಅದು ಬೇಡವೇ ಬೇಡ. ಸಿಟಿ ಬೇಕಾಗೋದು ವೈರ್ ಹೃದಯದ ಗೋಡೆ ತೂರಿದೆ ಅನ್ನುವ ಅನುಮಾನ ಬಂದಾಗ. ಆಗಲೂ ಸಾಮಾನ್ಯವಾಗಿ ಮೊದಲು ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿ, ಹೃದಯದ ಸುತ್ತ ನೀರು ಸೇರಿದೆಯಾ ನೋಡುತ್ತಾರೆ.

ಎಕ್ಸ್‌ರೇಗೂ ಮಿತಿ ಇದೆ. ತುದಿ ಕೂದಲೆಳೆಯಷ್ಟು ಸರಿದರೆ ಎರಡು ವ್ಯೂನಲ್ಲೂ ಕಾಣಲ್ಲ, ಪ್ರೋಗ್ರಾಮರ್ ಚೆಕ್‌ನಲ್ಲಿ ಸಿಗುತ್ತೆ. ಅದಕ್ಕೇ ಎರಡನ್ನೂ ಜೊತೆಗೇ ಕೇಳಿ. ಪೇಸ್‌ಮೇಕರ್ ಹಾಕಿದಾಗ ತೆಗೆದ ಎಕ್ಸ್‌ರೇಯನ್ನೂ ತಗೊಂಡು ಹೋಗಿ. ರಿಪೋರ್ಟ್ ಸಾಲದು, ಚಿತ್ರವೇ ಬೇಕು. ಹಳೆಯದನ್ನ ಪಕ್ಕದಲ್ಲಿಟ್ಟು ನೋಡಿದರೆ ತಾನೇ ಸರಿದಿದ್ದು ಗೊತ್ತಾಗೋದು?

ಪೇಸ್‌ಮೇಕರ್ ಇದ್ದೂ ತಲೆ ಸುತ್ತುತ್ತಿದೆ ಅಂದರೆ ಸ್ಕ್ಯಾನ್ ಅಪಾಯಿಂಟ್‌ಮೆಂಟ್ ಕಾಯಬೇಡಿ. ಇವತ್ತೇ ಕರ್ಕೊಂಡು ಹೋಗಿ. ಕಣ್ಣು ಕತ್ತಲೆ ಬಂದರೆ, ಎದೆನೋವು ಅಥವಾ ಬಿಡದ ಬಿಕ್ಕಳಿಕೆ ಇದ್ದರೆ ನೇರ ಎಮರ್ಜೆನ್ಸಿಗೇ ಹೋಗಿ. ಅಲ್ಲಿವರೆಗೂ ಅಪ್ಪನನ್ನ ಬಚ್ಚಲಿಗೆ ಒಬ್ಬರೇ ಬಿಡಬೇಡಿ.