ರೆಗ್ಯುಲೇಟರ್ ಬದಲಿಸಿದರೆ ಎಂಜಿನ್ನಿನ ಬಲ ಹೆಚ್ಚುತ್ತದೆಯೇ?

ಪ್ರಶ್ನೆ: ನನ್ನ ಬಳಿ 2002ರ ಹೋಂಡಾ ಸಿಟಿ ವಿಟೆಕ್ ಕಾರಿದೆ. ಈಚೆಗೆ ಪಿಕಪ್ ಕಡಿಮೆಯಾಗಿದ್ದು, ಸ್ವಲ್ಪ ಹೊತ್ತು ನಿಲ್ಲಿಸಿದ ಮೇಲೆ ಮತ್ತೆ ಸ್ಟಾರ್ಟ್ ಆಗಲು ತಡವಾಗುತ್ತಿದೆ. ಒತ್ತಡವನ್ನು ಬೇಕಾದಂತೆ ಹೊಂದಿಸಿಕೊಳ್ಳಬಹುದಾದ ಹೊಸ ಫ್ಯೂಯೆಲ್ ಪ್ರೆಶರ್ ರೆಗ್ಯುಲೇಟರ್ ಹಾಕಿಸಿದರೆ 10 ಎಚ್‌ಪಿಯಷ್ಟು ಬಲ ಹೆಚ್ಚುತ್ತದೆ ಎಂದು ಮೆಕ್ಯಾನಿಕ್ ಒಬ್ಬರು ಹೇಳುತ್ತಾರೆ. ಹಾಕಿಸಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬೇರೆ ಯಾವ ಮಾರ್ಪಾಡೂ ಆಗದ ಎಂಜಿನ್ನಿನಲ್ಲಿ ರೆಗ್ಯುಲೇಟರ್ ಒಂದನ್ನೇ ಬದಲಿಸಿ 10 ಎಚ್‌ಪಿ ಗಳಿಸಲಾಗದು. ಆದರೆ ನೀವು ಹೇಳಿರುವ ಎರಡೂ ಲಕ್ಷಣಗಳು ಇಂಧನದ ಒತ್ತಡ ತಪ್ಪಿರುವುದರಿಂದಲೂ ಬರಬಹುದಾದ ಕಾರಣ, ಹೊಸದನ್ನು ಕೊಳ್ಳುವ ಮೊದಲು ಈಗಿರುವ ರೆಗ್ಯುಲೇಟರನ್ನು ಪರೀಕ್ಷಿಸುವುದು ಅಗತ್ಯ.

ನಿಮ್ಮ ಕಾರಿನ ಕಾಲದ ಬಹುತೇಕ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಇರುವ) ಎಂಜಿನ್‌ಗಳಲ್ಲಿ ಟ್ಯಾಂಕಿನ ಪಂಪು ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲನ್ನು ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳಿರುವ ಕೊಳವೆಗೆ, ಅಂದರೆ ರೈಲಿಗೆ, ತಳ್ಳುತ್ತದೆ. ರೈಲಿನ ಮೇಲಿರುವ ರೆಗ್ಯುಲೇಟರ್ ಹೆಚ್ಚಾದುದನ್ನು ಟ್ಯಾಂಕಿಗೆ ಹಿಂದಿರುಗಿಸಿ ಒತ್ತಡವನ್ನು 2.5ರಿಂದ 3 ಬಾರ್ ಆಸುಪಾಸಿನಲ್ಲಿ ಇರಿಸುತ್ತದೆ. ಅದರೊಳಗೆ ಮುಖ್ಯವಾಗಿ ಇರುವುದು ಒಂದು ಸ್ಪ್ರಿಂಗ್ ಮತ್ತು ಒಂದು ಡಯಾಫ್ರಾಂ (ಬಾಗುವ ತೆಳು ಪೊರೆ). ಡಯಾಫ್ರಾಂನ ಒಂದು ಬದಿಗೆ ಸಿಲಿಂಡರುಗಳಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್‌ನಿಂದ ಸಣ್ಣದೊಂದು ವ್ಯಾಕ್ಯೂಮ್ ಹೋಸ್ ಬಂದಿರುವುದರಿಂದ, ಮ್ಯಾನಿಫೋಲ್ಡ್‌ನಲ್ಲಿ ಗಾಳಿಯ ಒತ್ತಡ ಇಳಿದಾಗ ರೈಲಿನ ಒತ್ತಡವೂ ಅಷ್ಟೇ ಇಳಿಯುತ್ತದೆ, ಏರಿದಾಗ ಅಷ್ಟೇ ಏರುತ್ತದೆ. ಹೀಗೆ ಇಂಜೆಕ್ಟರಿನ ಎರಡು ತುದಿಗಳ ನಡುವಿನ ವ್ಯತ್ಯಾಸ ಬದಲಾಗದೆ ಉಳಿಯುತ್ತದೆ. ಇಂಜೆಕ್ಟರನ್ನು ಎಷ್ಟು ಹೊತ್ತು ತೆರೆದಿಟ್ಟರೆ ಎಷ್ಟು ಪೆಟ್ರೋಲ್ ಬೀಳುತ್ತದೆ ಎಂಬ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಲೆಕ್ಕಾಚಾರವೆಲ್ಲ ಈ ವ್ಯತ್ಯಾಸವನ್ನೇ ನಂಬಿಕೊಂಡಿದೆ.

ಈಗ ಒತ್ತಡವನ್ನು 3 ಬಾರ್‌ನಿಂದ 4 ಬಾರ್‌ಗೆ ಏರಿಸಿದೆವೆನ್ನಿ. ಇಂಜೆಕ್ಟರಿನ ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುವುದರಿಂದ ಇಂಧನ ಸುಮಾರು ಶೇ 15ರಷ್ಟು ಹೆಚ್ಚು ಬೀಳುತ್ತದೆ. ಆದರೆ ಸಿಲಿಂಡರಿನೊಳಗೆ ಹೋಗುವ ಗಾಳಿ ಮೊದಲಿನಷ್ಟೇ ಇರುತ್ತದೆ, ಮತ್ತು ಎಂಜಿನ್ನಿನ ಬಲಕ್ಕೆ ಮಿತಿ ಹಾಕುವುದು ಆ ಗಾಳಿಯೇ. ಆಕ್ಸಿಜನ್ ಸೆನ್ಸರ್ ಇರುವ ಕಾರಿನಲ್ಲಿ ಇಸಿಯು, ಸಾಧಾರಣ ಓಡಾಟದ ವೇಳೆ ಮಿಶ್ರಣ ರಿಚ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚು) ಆಗಿರುವುದನ್ನು ಗಮನಿಸಿ ಇಂಜೆಕ್ಟರ್ ತೆರೆಯುವ ಕಾಲವನ್ನು ಕಡಿತಗೊಳಿಸುತ್ತದೆ. ಅಂದರೆ ನೀವು ಹಣ ಕೊಟ್ಟು ಹೆಚ್ಚಿಸಿದ್ದನ್ನು ಅದು ಸದ್ದಿಲ್ಲದೆ ಇಳಿಸುತ್ತದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಮಾತ್ರ ಇಸಿಯು ಸೆನ್ಸರಿನ ಮಾತು ಕೇಳದೆ ತನ್ನೊಳಗಿನ ಕೋಷ್ಟಕದಂತೆ ನಡೆಯುವುದರಿಂದ ಹೆಚ್ಚುವರಿ ಪೆಟ್ರೋಲ್ ನೇರವಾಗಿ ಒಳಗೆ ಹೋಗುತ್ತದೆ. ಆದರೆ ಪೂರ್ಣ ಬಲಕ್ಕೆ ಬೇಕಾದ ರಿಚ್ ಮಿಶ್ರಣವನ್ನು ತಯಾರಕರು ಆ ಕೋಷ್ಟಕದಲ್ಲಿ ಮೊದಲೇ ಬರೆದಿರುತ್ತಾರೆ; ಅದಕ್ಕೂ ಮೇಲೆ ಸುರಿದ ಇಂಧನದಿಂದ ಬಲ ಇಳಿಯುವ ಸಂಭವವೇ ಹೆಚ್ಚು. ಹೊಗೆ ಕಪ್ಪಾಗುವುದು, ಸ್ಪಾರ್ಕ್ ಪ್ಲಗ್‌ಗೆ ಮಸಿ ಹಿಡಿಯುವುದು, ಪೆಟ್ರೋಲ್ ಸೇರಿ ಎಂಜಿನ್ ಆಯಿಲ್ ತೆಳುವಾಗುವುದು, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಮಿತಿಮೀರಿ ಕಾಯುವುದು ಇವೆಲ್ಲ ಅದರ ಹಿಂದೆಯೇ ಬರುತ್ತವೆ.

ಹಾಗಾದರೆ ಹಾಕಿಸಿಕೊಂಡ ಕೆಲವರು ಕಾರು ಚುರುಕಾಯಿತು ಎನ್ನುವುದೇಕೆ? ಅವರ ಮಾತು ಸುಳ್ಳಲ್ಲ. ಹಳೆಯ ರೆಗ್ಯುಲೇಟರಿನ ಸ್ಪ್ರಿಂಗ್ ಸೋತು ಒತ್ತಡ ಇಳಿದಿದ್ದರೆ, ಹೊಸದನ್ನು ಹಾಕಿದಾಗ ಕಳೆದುಹೋಗಿದ್ದ ಬಲ ಮರಳುತ್ತದೆ. ಕಂಪನಿಯ ಮೂಲ ಬಿಡಿಭಾಗ ಹಾಕಿದ್ದರೂ ಅಷ್ಟೇ ಆಗುತ್ತಿತ್ತು. ಇಂಜೆಕ್ಟರ್‌ಗಳಲ್ಲಿ ಕಸ ಕಟ್ಟಿ ಎಂಜಿನ್ ಲೀನ್ ಆಗಿ (ಪೆಟ್ರೋಲ್ ಕಡಿಮೆಯಾಗಿ) ಓಡುತ್ತಿದ್ದರೆ ಹೆಚ್ಚಿದ ಒತ್ತಡ ಆ ದೋಷವನ್ನು ಕೆಲಕಾಲ ಮುಚ್ಚಿಡುತ್ತದೆ. ಬಾನೆಟ್ ಎತ್ತಿದಾಗ ಹೊಳೆಯುವ ಕೆಂಪು ನೀಲಿ ಬಣ್ಣದ ಭಾಗವೂ, ಅದರ ಮೇಲಿನ ಗೇಜೂ ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಹೊಂದಿಸಬಲ್ಲ ರೆಗ್ಯುಲೇಟರ್ ನಿಜಕ್ಕೂ ಬೇಕಾಗುವುದು ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಕೂಡಿಸಿದಾಗ, ದೊಡ್ಡ ಇಂಜೆಕ್ಟರ್ ಮತ್ತು ಪಂಪು ಹಾಕಿದಾಗ, ರೇಸಿಗಾಗಿ ಇಸಿಯು ಕೋಷ್ಟಕವನ್ನೇ ಹೊಸದಾಗಿ ಬರೆಸುವಾಗ. ಅಲ್ಲಿ ಸಹ ಬಲ ಕೊಡುವುದು ಹೆಚ್ಚಿದ ಗಾಳಿಯೇ. ರೆಗ್ಯುಲೇಟರಿನ ಕೆಲಸ ಆ ಗಾಳಿಗೆ ತಕ್ಕ ಇಂಧನ ಕೊರತೆಯಾಗದಂತೆ ನೋಡಿಕೊಳ್ಳುವುದು. ಒತ್ತಡ ಏರಿಸಿದಷ್ಟೂ ಅದೇ ಪಂಪು ಕೊಡಬಲ್ಲ ಹರಿವು ಇಳಿಯುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ನಿಮ್ಮ ಕಾರಿನ ವಿಷಯಕ್ಕೆ ಬಂದರೆ, ಮೊದಲು ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಳಚಿ ನೋಡಿಸಿ. ಅದರೊಳಗೆ ಪೆಟ್ರೋಲಿನ ಪಸೆಯಿದ್ದರೆ ಡಯಾಫ್ರಾಂ ಹರಿದಿದೆ. ಮುಂದಿನ ಪರೀಕ್ಷೆ ಬೇಕಿಲ್ಲ, ಬದಲಿಸಲೇಬೇಕು. ಪಸೆ ಇಲ್ಲದಿದ್ದರೆ ರೈಲಿಗೆ ಗೇಜ್ ಜೋಡಿಸಿ ಎಂಜಿನ್ನನ್ನು ಐಡ್ಲಿಂಗ್‌ನಲ್ಲಿ ಓಡಿಸಿ ಹೋಸ್ ಕಳಚಿದಾಗ, ಮುಳ್ಳು ಸರಿಸುಮಾರು ಅರ್ಧ ಬಾರ್‌ನಷ್ಟು ಮೇಲೇರಬೇಕು. ಏರದಿದ್ದರೆ ರೆಗ್ಯುಲೇಟರ್ ಕೆಟ್ಟಿದೆ, ಇಲ್ಲವೇ ಹೋಸ್ ಕಟ್ಟಿಕೊಂಡಿದೆ. ಒತ್ತಡ ಒಟ್ಟಾರೆಯಾಗಿಯೇ ಕಡಿಮೆಯಿದ್ದರೆ, ಟ್ಯಾಂಕಿಗೆ ಮರಳುವ ರಬ್ಬರ್ ಹೋಸನ್ನು ಒಂದು ಕ್ಷಣ ಮೆಲ್ಲಗೆ ಒತ್ತಿ ಹಿಡಿದು ನೋಡಬಹುದು: ಮುಳ್ಳು ಚುರುಕಾಗಿ ಏರಿದರೆ ಪಂಪು ಗಟ್ಟಿಯಾಗಿದ್ದು ದೋಷ ರೆಗ್ಯುಲೇಟರಿನದು, ಏರದಿದ್ದರೆ ಪಂಪು ಅಥವಾ ಫ್ಯೂಯೆಲ್ ಫಿಲ್ಟರಿನದು. ಇಷ್ಟು ಹಳೆಯ ಕಾರಿನ ಹೋಸ್ ಗಡುಸಾಗಿ ಬಿರುಕು ಬಿಟ್ಟಿದ್ದರೆ ಈ ಪರೀಕ್ಷೆಗೆ ಕೈಹಾಕಬಾರದು. ಎಂಜಿನ್ ನಿಲ್ಲಿಸಿದ ಕೂಡಲೇ ಒತ್ತಡ ಸರ್ರನೆ ಇಳಿದುಹೋಗುತ್ತಿದ್ದರೆ ಅದು ಮತ್ತೆ ಸ್ಟಾರ್ಟ್ ಆಗಲು ತಡವಾಗುವುದಕ್ಕೆ ಕಾರಣವಾಗಬಲ್ಲದು; ಆಗ ರೆಗ್ಯುಲೇಟರಿನ ಜೊತೆಗೆ ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ) ಮತ್ತು ಸೋರುವ ಇಂಜೆಕ್ಟರನ್ನೂ ಅನುಮಾನಿಸಬೇಕು. ಗೇಜ್ ಜೋಡಿಸುವ ಮುನ್ನ ಎಂಜಿನ್ ತಣ್ಣಗಿರಲಿ. ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ರೈಲಿನ ಒತ್ತಡ ಇಳಿಸದೆ ಯಾವ ನಟ್ಟನ್ನೂ ಸಡಿಲಿಸಬಾರದು. ಗೇಜ್ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಬೇಡಿ.

ಒತ್ತಡ ಸರಿಯಾಗಿದ್ದರೆ ಏರ್ ಫಿಲ್ಟರ್, ಪ್ಲಗ್, ಥ್ರಾಟಲ್ ಬಾಡಿ, ಕಂಪ್ರೆಶನ್ ಇವುಗಳತ್ತ ಗಮನ ಹರಿಸಿ.

ಪ್ರಶ್ನೆ: ನನ್ನ 2016ರ ಸ್ವಿಫ್ಟ್ ಪೆಟ್ರೋಲ್ ಕಾರಿನಲ್ಲಿ ಹುಡುಕಿದರೂ ರೆಗ್ಯುಲೇಟರ್ ಕಾಣುವುದಿಲ್ಲ. ಹೊರಗಿನಿಂದ ಒಂದನ್ನು ಅಳವಡಿಸಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಕಾರಿನಲ್ಲಿ ರೆಗ್ಯುಲೇಟರ್ ಟ್ಯಾಂಕಿನೊಳಗೆ ಪಂಪಿನ ಜೊತೆಗೇ ಇರುತ್ತದೆ. ರೈಲಿನಿಂದ ಹಿಂದಿರುಗುವ ಕೊಳವೆ ಇಲ್ಲ, ವ್ಯಾಕ್ಯೂಮ್ ಹೋಸೂ ಇಲ್ಲ. ಒತ್ತಡವನ್ನು ಒಂದೇ ಮಟ್ಟದಲ್ಲಿ ಬಿಟ್ಟು, ಮ್ಯಾನಿಫೋಲ್ಡ್‌ನ ಏರಿಳಿತವನ್ನು ಇಸಿಯು ತಾನೇ ಲೆಕ್ಕ ಹಾಕಿ ಇಂಜೆಕ್ಟರ್ ತೆರೆಯುವ ಕಾಲವನ್ನು ಸರಿಪಡಿಸುತ್ತದೆ. ಹೊರಗಿನಿಂದ ಇನ್ನೊಂದನ್ನು ಕೂಡಿಸಬೇಕಾದರೆ ಹೊಸ ಕೊಳವೆ ಎಳೆಯಬೇಕು, ಆ ಲೆಕ್ಕಾಚಾರವನ್ನೂ ಬದಲಿಸಬೇಕು. ಬದಲಿಸದಿದ್ದರೆ ಕಾರು ಮೊದಲಿಗಿಂತ ಕೆಟ್ಟದಾಗಿ ಓಡುತ್ತದೆ. ಅಳವಡಿಸಬೇಡಿ.