ಜಾಗ ಯಾರದು, ಅರ್ಜಿ ಯಾರಿಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗೋಮಾಳ, ದಾರಿ, ನೀರು, ಬೀದಿದೀಪಗಳ ಬಗ್ಗೆ. ಊರು, ಹೆಸರು ಬಿಟ್ಟಿದ್ದೇವೆ. ಬರೆದವರಲ್ಲಿ ಬಹಳಷ್ಟು ಮಂದಿ ಹಾಗೇ ಕೇಳಿಕೊಂಡಿದ್ದಾರೆ. ಅರ್ಜಿಯಲ್ಲಿರುವ ಮಾತು ನ್ಯಾಯವಾದದ್ದೇ, ಆದರೆ ಕೊಟ್ಟ ಕಚೇರಿ ತಪ್ಪು. ಮುಕ್ಕಾಲು ಪಾಲು ಪತ್ರಗಳ ಕಥೆ ಇಷ್ಟೇ.

ಪ್ರಶ್ನೆ: ನಮ್ಮೂರ ಗೋಮಾಳದಲ್ಲಿ ಎರಡು ಎಕರೆಯನ್ನು ಕಸದ ಘಟಕಕ್ಕೆ ಕೊಡುವುದೆಂದು ಪಂಚಾಯಿತಿ ನಿರ್ಣಯ ಮಾಡಿದೆ. ಉಳಿದ ಜಾಗಕ್ಕೆ ಇಬ್ಬರು ಬೇಲಿ ಹಾಕಿ ಜೋಳ ಬಿತ್ತಿದ್ದಾರೆ. ದನ ಎಲ್ಲಿ ಮೇಯಬೇಕು? ಗೋಮಾಳ ಕೊಡಲು ಪಂಚಾಯಿತಿಗೆ ಹಕ್ಕಿದೆಯೇ?

ಇಲ್ಲ. ಗೋಮಾಳ ಸರ್ಕಾರದ್ದು, ನೋಡಿಕೊಳ್ಳುವುದು ಕಂದಾಯ ಇಲಾಖೆ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 71ನೇ ಕಲಂ ಪ್ರಕಾರ ದನಗಳ ಮೇವಿಗೆಂದು ಜಾಗ ಕಾದಿರಿಸುವವರು ಜಿಲ್ಲಾಧಿಕಾರಿ. ಕಾದಿರಿಸಿದ ಜಾಗವನ್ನು ಇನ್ನೊಂದಕ್ಕೆ ಬಳಸಬೇಕಾದರೂ ಅವರ ಮಂಜೂರಾತಿ ಬೇಕು. ಹಾಗಾಗಿ ಪಂಚಾಯಿತಿಯ ನಿರ್ಣಯ ಇಲ್ಲಿ ಬರೀ ಕೋರಿಕೆ. ಅದು ತಹಶೀಲ್ದಾರ್ ಕಚೇರಿಗೆ ಹೋಗಬೇಕು, ಗ್ರಾಮ ಆಡಳಿತ ಅಧಿಕಾರಿ ಮತ್ತು ಕಂದಾಯ ನಿರೀಕ್ಷಕರ ವರದಿ ಆಗಬೇಕು, ಭೂಮಾಪಕರ ನಕ್ಷೆ ಸೇರಬೇಕು, ಆಮೇಲೆ ಕಡತ ಮೇಲೇರಬೇಕು. ನಿಮ್ಮ ತಕರಾರು ಈ ಹಂತದಲ್ಲೇ ಕಡತಕ್ಕೆ ಸೇರಲಿ. ಮಂಜೂರಾಗಿ ಕಲ್ಲು ನೆಟ್ಟ ಮೇಲೆ ಮೇಲ್ಮನವಿ ಹೋಗಬಹುದು, ನಿಜ. ಆದರೆ ಅಷ್ಟರಲ್ಲಿ ಶೆಡ್ಡು ಎದ್ದಿರುತ್ತದೆ.

ತಕರಾರು ಅರ್ಜಿಯಲ್ಲಿ ಭಾವನೆಗಿಂತ ಲೆಕ್ಕ ಮುಖ್ಯ. ಕರ್ನಾಟಕ ಭೂಮಂಜೂರಾತಿ ನಿಯಮ 1969ರ 97ನೇ ನಿಯಮ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಇರಬೇಕು ಎನ್ನುತ್ತದೆ. ಅದೇ ರೈತರು ಆಡುಮಾತಿನಲ್ಲಿ ಹೇಳುವ ‘ನೂರು ದನಕ್ಕೆ ಮೂವತ್ತು ಎಕರೆ’. ಊರಲ್ಲಿ 240 ಜಾನುವಾರು ಇದ್ದರೆ 28.8 ಹೆಕ್ಟೇರ್, ಅಂದರೆ ಸುಮಾರು 71 ಎಕರೆ ಬೇಕಾಯಿತು. ಜಾನುವಾರು ಸಂಖ್ಯೆಯನ್ನು ಪಶು ಆಸ್ಪತ್ರೆಯಿಂದ ಬರಹದಲ್ಲಿ ಪಡೆಯಿರಿ. ಗೋಮಾಳದ ಎಲ್ಲ ಸರ್ವೆ ನಂಬರುಗಳ ಪಹಣಿ ತೆಗೆಸಿ ವಿಸ್ತೀರ್ಣ ಕೂಡಿ. ಕೂಡಿದ ಮೊತ್ತ 71ಕ್ಕಿಂತ ಕಡಿಮೆ ಬಂದರೆ ನಿಮ್ಮ ವಾದ ಅರ್ಧ ಗೆದ್ದಂತೆ. ಜಾಸ್ತಿ ಬಂದರೆ ‘ಹೆಚ್ಚುವರಿ ಗೋಮಾಳ’ ಎಂಬ ಮಾತು ಎದುರಿನಿಂದ ಬರುವುದು ಖಚಿತ. ಆಗ ತೋರಿಸಬೇಕಾದದ್ದು ಪಹಣಿಯ ವಿಸ್ತೀರ್ಣವನ್ನಲ್ಲ, ನೆಲದ ಮೇಲೆ ಉಳಿದಿರುವುದನ್ನು. ಬಗರ್‌ಹುಕುಂನಲ್ಲಿ (ಸರ್ಕಾರಿ ಜಾಗದ ಅನಧಿಕೃತ ಸಾಗುವಳಿಯ ಸಕ್ರಮ) ಮಂಜೂರಾಗಿಯೂ ಪೋಡಿ ಆಗದ, ಅಂದರೆ ಅಳೆದು ಬೇರೆ ನಂಬರು ಕೊಡದ ತುಂಡುಗಳು, ಆಶ್ರಯ ನಿವೇಶನ, ಶಾಲೆ, ಕಲ್ಲುಬಂಡೆ ಎಲ್ಲ ಕಳೆದರೆ ಕಾಗದದ ಗೋಮಾಳಕ್ಕೂ ದನ ಮೇಯುವ ಗೋಮಾಳಕ್ಕೂ ಬಹಳ ಅಂತರ ಇರುತ್ತದೆ. ಇದಕ್ಕೆ ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣದ ವಹಿ), ಗ್ರಾಮ ನಕ್ಷೆ ಮತ್ತು ಮಂಜೂರಾತಿ ವಹಿಯ ನಕಲು ಮೂರೂ ಬೇಕು. ಪಹಣಿ ಒಂದನ್ನೇ ಹಿಡಿದು ಹೋದವರು ಮೊದಲ ವಿಚಾರಣೆಯಲ್ಲೇ ಎಡವುತ್ತಾರೆ.

ಕಸದ ಘಟಕದ ಬಗ್ಗೆ ಒಂದು ಮಾತು. ಪಂಚಾಯಿತಿಗಳು ಕಟ್ಟುವ ‘ಸ್ವಚ್ಛ ಸಂಕೀರ್ಣ’ ತಿಪ್ಪೆಯಲ್ಲ. ಒಣಕಸ ಬೇರ್ಪಡಿಸಿ ಮಾರುವ ಶೆಡ್ಡು. ಅದು ಯಾವ ಊರಿಗೂ ಬೇಕಾದದ್ದೇ. ‘ಬೇಡವೇ ಬೇಡ’ ಎಂಬ ಅರ್ಜಿಗಿಂತ ‘ಸರ್ವೆ ನಂಬರ್ ಇಂಥದ್ದರಲ್ಲಿ ಕರಾಬು (ಸಾಗುವಳಿಗೆ ಲೆಕ್ಕ ಹಿಡಿಯದ) ಜಾಗ ಇದೆ, ಕೆರೆಯಿಂದ ದೂರ, ಲಾರಿ ಹೋಗುವ ದಾರಿಯೂ ಇದೆ’ ಎಂಬ ಅರ್ಜಿಗೆ ತೂಕ ಹೆಚ್ಚು. ಅಧಿಕಾರಿಗೂ ಅದರಿಂದ ಬಿಡುಗಡೆಯ ದಾರಿ ಸಿಗುತ್ತದೆ. ಎರಡು ಎಕರೆ ಯಾಕೆ ಬೇಕು ಎಂದೂ ಕೇಳಿ. ಶೆಡ್ಡಿನ ನೀಲನಕ್ಷೆ ತರಿಸಿ ನೋಡಿದರೆ ಅಷ್ಟು ಜಾಗ ಅನೇಕ ಸಲ ಬೇಕಿರುವುದಿಲ್ಲ.

ಇನ್ನು ಬೇಲಿ. ಹಾಕಿದವರು ‘ನಮೂನೆ 57 ಕೊಟ್ಟಿದ್ದೇವೆ’ ಎನ್ನುತ್ತಾರೆ. ಅದು ಸಕ್ರಮ ಕೋರುವ ಅರ್ಜಿ, 2005ರ ಜನವರಿ 1ಕ್ಕಿಂತ ಮುಂಚಿನಿಂದ ಸರ್ಕಾರಿ ಜಾಗದಲ್ಲಿ ಸಾಗುವಳಿ ಮಾಡುತ್ತಿದ್ದವರಿಗೆ. ಅರ್ಜಿ ಬಾಕಿ ಇದೆ ಎಂಬ ಕಾರಣಕ್ಕೆ ಹಕ್ಕು ಬರುವುದಿಲ್ಲ, ಹೊಸದಾಗಿ ಬೇಲಿ ವಿಸ್ತರಿಸಲು ಅನುಮತಿಯಂತೂ ಅಲ್ಲವೇ ಅಲ್ಲ. ತಹಶೀಲ್ದಾರರಿಗೆ ಕೊಡುವ ಅರ್ಜಿಯಲ್ಲಿ ಎರಡು ಬೇಡಿಕೆ ಬೇರೆ ಬೇರೆ ಇರಲಿ. ಮೊದಲನೆಯದು ಸರ್ವೆ ಮಾಡಿ ಗಡಿ ಗುರುತಿಸುವುದು. ಎರಡನೆಯದು ಭೂಕಂದಾಯ ಕಾಯ್ದೆಯ ಕಲಂ 104ರಡಿ ತೆರವು. ಅಳತೆ ಆಗದೆ ತೆರವು ಕೇಳಿದರೆ ಎದುರಿನವರು ‘ಇದು ನಮ್ಮ ಪಟ್ಟಾ ಜಮೀನಿನೊಳಗೇ ಇದೆ’ ಎಂದು ಸಿವಿಲ್ ಕೋರ್ಟಿನಿಂದ ತಡೆಯಾಜ್ಞೆ ತರುತ್ತಾರೆ. ಅಳತೆ ದಿನ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ತಲುಪಿದ್ದಕ್ಕೆ ಸಹಿ ಇದೆಯೇ ನೋಡಿಕೊಳ್ಳಿ. ಆ ಒಂದು ಸಹಿ ಇಲ್ಲದೆ ರದ್ದಾದ ಅಳತೆಗಳು ಲೆಕ್ಕವಿಲ್ಲದಷ್ಟು.

ಸುಪ್ರೀಂ ಕೋರ್ಟು 2011ರ ಜನವರಿ 28ರಂದು ಜಗಪಾಲ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನೂ ಉಲ್ಲೇಖಿಸಿ. ಪಟಿಯಾಲ ಜಿಲ್ಲೆಯ ಒಂದು ಊರಿನ ಕೊಳದ ಜಾಗದ ವ್ಯಾಜ್ಯ ಅದು. ಊರ ಸಾಮೂಹಿಕ ಜಾಗಗಳ ಒತ್ತುವರಿ ತೆರವಿಗೆ ಯೋಜನೆ ಮಾಡಿ ಎಂದು ಎಲ್ಲ ರಾಜ್ಯಗಳಿಗೂ ಕೋರ್ಟು ಹೇಳಿತು. ಭೂಹೀನ ಕೂಲಿಕಾರರು, ಪರಿಶಿಷ್ಟರಿಗೆ ಸರ್ಕಾರ ಕೊಟ್ಟದ್ದು, ಈಗಾಗಲೇ ಶಾಲೆ ಅಥವಾ ಔಷಧಾಲಯ ಇರುವುದು, ಇಂಥ ಅಪರೂಪದ ಸಂದರ್ಭದಲ್ಲಿ ಮಾತ್ರ ಸಕ್ರಮಕ್ಕೆ ಅವಕಾಶ ಎಂದಿತು. ತೀರ್ಪಿನ ಈ ಎರಡನೇ ಭಾಗವನ್ನು ಮುಚ್ಚಿಡಬೇಡಿ. ಜೋಳ ಬಿತ್ತಿದವರು ನಿಜಕ್ಕೂ ಭೂಹೀನರಾಗಿದ್ದರೆ ಅವರ ವಿಷಯ ಬೇರೆ, ಹತ್ತು ಎಕರೆ ಇಟ್ಟುಕೊಂಡು ಬೇಲಿ ಎಳೆದವರ ವಿಷಯ ಬೇರೆ.

ಪ್ರಶ್ನೆ: ಹೊಲಕ್ಕೆ ಹೋಗುವ ಬಂಡಿದಾರಿಯನ್ನು ಪಕ್ಕದವರು ಉತ್ತುಬಿಟ್ಟಿದ್ದಾರೆ. ನಕಾಶೆಯಲ್ಲಿ ದಾರಿ ಇದೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ‘ತಹಶೀಲ್ದಾರರಿಗೆ ಕೊಡಿ’, ತಹಶೀಲ್ದಾರ್ ಕಚೇರಿಯವರು ‘ಕೋರ್ಟಿಗೆ ಹೋಗಿ’ ಎನ್ನುತ್ತಾರೆ. ಯಾರದು ಸರಿ?

ಎರಡೂ ಸರಿ ಇರಬಹುದು. ನಕಾಶೆಯ ಗೆರೆಯ ಜತೆ ಪಹಣಿಯ ಕರಾಬು ಕಲಂ ನೋಡಿ. ಗ್ರಾಮ ನಕ್ಷೆಯಲ್ಲಿ ಒಂಟಿ ಚುಕ್ಕಿ ಸಾಲು ಸಾಮಾನ್ಯವಾಗಿ ಕಾಲುದಾರಿ, ಜೋಡಿ ಸಾಲು ಬಂಡಿದಾರಿ. ಆ ದಾರಿಗೆಂದು ಸರ್ವೆ ನಂಬರಿನಲ್ಲಿ ‘ಬ’ ಕರಾಬು ಕಳೆದಿದ್ದರೆ ನೆಲವೇ ಸಾರ್ವಜನಿಕರದ್ದು. ಭೂಕಂದಾಯ ಕಾಯ್ದೆಯ ಕಲಂ 67ರಂತೆ ಸರ್ಕಾರದ ಸೊತ್ತು. ಅದನ್ನು ಅಳತೆ ಮಾಡಿಸಿ ತೆರವು ಮಾಡಿಸುವುದು ತಹಶೀಲ್ದಾರರ ಕೆಲಸ, ಕೋರ್ಟಿಗೆ ಕಳಿಸುವ ಹಾಗಿಲ್ಲ. ‘ಅ’ ಕರಾಬು ಎಂದಿದ್ದರೆ ಮೋಸ ಹೋಗಬೇಡಿ. ಅದು ಸಾಗುವಳಿಗೆ ಬಾರದ ಬಂಡೆ, ಹಳ್ಳದ ದಂಡೆ ಇತ್ಯಾದಿ, ಹಿಡುವಳಿದಾರನದ್ದೇ.

ನಕ್ಷೆಯಲ್ಲಿ ಗೆರೆ ಇದೆ, ಕರಾಬು ಕಳೆದಿಲ್ಲ ಎಂದಾದರೆ ನೆಲ ಪಕ್ಕದವರದ್ದೇ, ನಿಮಗಿರುವುದು ಓಡಾಡುವ ಹಕ್ಕು. ಆಗಲೂ ತಹಶೀಲ್ದಾರರು ತಾಲ್ಲೂಕು ದಂಡಾಧಿಕಾರಿಯಾಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಂನಡಿ ವಿಚಾರಣೆ ನಡೆಸಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 147 ಇದೇ. ಆದರೆ ಇದು ಶಾಂತಿಭಂಗದ ಸಂಭವ ಇದ್ದಾಗಿನ ಅಧಿಕಾರ. ಅರ್ಜಿಯಲ್ಲಿ ಜಗಳದ ಸಂಗತಿ, ದಾರಿ ಮುಚ್ಚಿದ ದಿನಾಂಕ, ಅದಕ್ಕೂ ಮುಂಚೆ ಯಾವಾಗ ಓಡಾಡಿದ್ದಿರಿ ಎಂಬುದು ಸ್ಪಷ್ಟ ಇರಬೇಕು. ವರ್ಷವಿಡೀ ಓಡಾಡುವ ದಾರಿಯಾದರೆ, ಮುಚ್ಚಿ ಮೂರು ತಿಂಗಳು ಕಳೆದ ಮೇಲೆ ಹೋದರೆ ಕೈತಪ್ಪುತ್ತದೆ. ಕೊನೆಯ ಹಕ್ಕು ತೀರ್ಮಾನ ಸಿವಿಲ್ ಕೋರ್ಟಿನದು. ಅಲ್ಲಿ ಅನುಭೋಗ ಹಕ್ಕು ಕಾಯ್ದೆ 1882ರಂತೆ 20 ವರ್ಷದ ತಡೆಯಿಲ್ಲದ ಬಳಕೆ ರುಜುವಾತಾಗಬೇಕು.

ದಾರಿ ತೆರವಾಗುವ ಮೊದಲೇ ಪಂಚಾಯಿತಿಯಿಂದ ಮಣ್ಣು ಹಾಕಿಸುವ ಆತುರ ಬೇಡ. ವಿವಾದದ ಜಾಗದ ಕಾಮಗಾರಿ ಬಿಲ್ಲು ಆಕ್ಷೇಪಣೆಗೆ ಸಿಕ್ಕಿದರೆ ಆಮೇಲೆ ಯಾವ ಪಿಡಿಒ ಕೂಡ ಆ ಕಡತ ಮುಟ್ಟುವುದಿಲ್ಲ.

ಪ್ರಶ್ನೆ: ಜಲಜೀವನ್ ನಲ್ಲಿ ಬಂದು ಎರಡು ವರ್ಷವಾಯಿತು. ಕೊನೆಯ ಬೀದಿಗೆ ನೀರು ಏರುವುದಿಲ್ಲ. ಪಂಚಾಯಿತಿ ಗುತ್ತಿಗೆದಾರರನ್ನು ತೋರಿಸುತ್ತದೆ, ಗುತ್ತಿಗೆದಾರರು ಪಂಚಾಯಿತಿಯನ್ನು. ಏನು ಮಾಡುವುದು?

ಹಸ್ತಾಂತರ ಪತ್ರದ ನಕಲು ಕೇಳಿ. ಪಂಚಾಯಿತಿ ಸಹಿ ಹಾಕಿದ್ದರೆ ಇನ್ನು ನಿರ್ವಹಣೆ ಅವರದು. ಹಾಕಿಲ್ಲವಾದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಎಂಜಿನಿಯರ್ ಹೊಣೆ. ಸಹಿ ಆಗಿಲ್ಲದಿದ್ದರೆ ನಿಮ್ಮ ಪುಣ್ಯ. ಸಹಿಗೆ ಮುಂಚೆ ಊರವರು ನಿಂತು ನೋಡಬೇಕಾದದ್ದು: ಪೈಪು ನಕ್ಷೆ ಪಂಚಾಯಿತಿ ಕೈಗೆ ಬಂದಿದೆಯೇ, ಪ್ರತಿ ಬೀದಿಗೆ ವಾಲ್ವ್ ಇದೆಯೇ, ಅಗೆದ ರಸ್ತೆ ಮುಚ್ಚಿದೆಯೇ, ಒತ್ತಡ ಪರೀಕ್ಷೆ ಆಗಿದೆಯೇ, ಕೊನೆಯ ನಲ್ಲಿಯಲ್ಲಿ ಎಷ್ಟು ಬರುತ್ತದೆ.

ಕೊನೆಯದನ್ನು ಬಕೆಟ್ಟು, ಗಡಿಯಾರದಿಂದಲೇ ಅಳೆಯಬಹುದು. ಯೋಜನೆಯ ಮಾನದಂಡ ತಲೆಗೆ ದಿನಕ್ಕೆ 55 ಲೀಟರ್. ಐವರ ಮನೆಗೆ 275. ಹದಿನೈದು ಲೀಟರ್ ಬಕೆಟ್ಟು ಮೂರು ನಿಮಿಷಕ್ಕೆ ತುಂಬಿದರೆ ನಿಮಿಷಕ್ಕೆ 5 ಲೀಟರ್, ಅಂದರೆ 55 ನಿಮಿಷ ನೀರು ಬಿಡಬೇಕು. ನೀರುಗಂಟಿ ಇಪ್ಪತ್ತೇ ನಿಮಿಷ ಬಿಡುತ್ತಾನೆ ಎಂದಾದರೆ ಅರ್ಜಿಯಲ್ಲಿ ಈ ಅಂಕಿಯನ್ನೇ ಬರೆಯಿರಿ. ‘ನೀರು ಸಾಲದು’ ಎಂಬ ಮಾತಿಗೆ ಉತ್ತರ ಕೊಡದೆ ಜಾರಿಕೊಳ್ಳಬಹುದು, ಅಂಕಿಗೆ ಆಗದು.

ಕಾರಣ ಬಹುಪಾಲು ಮೂರರಲ್ಲಿ ಒಂದು. ಮೊದಲ ಬೀದಿಯವರು ನಲ್ಲಿಗೆ ಮೋಟಾರ್ ಹಚ್ಚಿ ಎಳೆಯುವುದು ಒಂದು. ಎಲ್ಲ ವಾಲ್ವ್ ಒಟ್ಟಿಗೆ ತೆರೆದಿಡುವುದು ಇನ್ನೊಂದು. ಸರದಿ ಪ್ರಕಾರ ಬೀದಿ ಬೀದಿಗೆ ಬಿಟ್ಟರೆ ಖರ್ಚಿಲ್ಲದೆ ಸರಿಹೋಗುತ್ತದೆ. ಮೂರನೆಯದು ಟ್ಯಾಂಕೇ ತುಂಬದಿರುವುದು. ಆಗ ಕೊಳವೆಬಾವಿ ನೋಡಬೇಕೇ ಹೊರತು ಪೈಪನ್ನಲ್ಲ.

ಟ್ಯಾಂಕಿನ ಮಾತು ಬಂತೆಂದು ಇದನ್ನೂ ಹೇಳಿಬಿಡುತ್ತೇವೆ. ಒಳ್ಳೆಯ ಬ್ಲೀಚಿಂಗ್ ಪುಡಿ 1,000 ಲೀಟರಿಗೆ 2.5 ಗ್ರಾಂ ಸಾಕು, 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ. ಪುಡಿಯನ್ನು ಹಾಗೇ ಎರಚಬಾರದು. ನೀರಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಹಾಕಿ, ಒಂದು ಗಂಟೆ ಬಿಟ್ಟು ನೀರು ಬಿಡಬೇಕು. ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಆದರೂ ಉಳಿದಿರಬೇಕು. ಬಾಯಿ ತೆರೆದಿಟ್ಟ ಚೀಲದ ಪುಡಿಯಲ್ಲಿ ಸತ್ವ ಇರುವುದಿಲ್ಲ. ಎಷ್ಟು ಹಾಕಿದರೂ ದಂಡ.

ಪ್ರಶ್ನೆ: ಗ್ರಾಮಸಭೆಗೆ ಮೂವತ್ತು ಜನವೂ ಬಂದಿರಲಿಲ್ಲ. ನಡವಳಿಯಲ್ಲಿ ‘ಸರ್ವಾನುಮತದಿಂದ ಒಪ್ಪಲಾಯಿತು’ ಎಂದಿದೆ. ಪ್ರಶ್ನಿಸಬಹುದೇ?

ಖಂಡಿತ. ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ 1993ರಂತೆ ಗ್ರಾಮಸಭೆಯ ಕೋರಂ, ಅಂದರೆ ಇರಲೇಬೇಕಾದ ಹಾಜರಾತಿ, ಮತದಾರರ ಶೇ 10 ಅಥವಾ 100 ಜನ, ಯಾವುದು ಕಡಿಮೆಯೋ ಅದು. ಆದರೆ ಬಾಯಿಮಾತಿನ ಸಾಕ್ಷಿ ನಿಲ್ಲುವುದಿಲ್ಲ, ಹಾಜರಾತಿ ಪುಟ ಕೈಯಲ್ಲಿರಬೇಕು. ಮಾಹಿತಿ ಹಕ್ಕಿನಡಿ ನಮೂನೆ ‘ಎ’ಯಲ್ಲಿ, 10 ರೂಪಾಯಿ ಶುಲ್ಕ ಕಟ್ಟಿ, ಪಿಡಿಒಗೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಯಾಕೆ ಹೀಗೆ ಬರೆದಿರಿ’ ಎಂದು ಕೇಳಿದರೆ ‘ಮಾಹಿತಿ ಅಲ್ಲ’ ಎಂದು ತಿರಸ್ಕರಿಸುತ್ತಾರೆ. ‘ಇಂಥ ದಿನಾಂಕದ ಗ್ರಾಮಸಭೆಯ ನಡವಳಿ ಮತ್ತು ಹಾಜರಾತಿ ಸಹಿ ಪುಟಗಳ ದೃಢೀಕೃತ ನಕಲು, ಸಭೆಯ ನೋಟಿಸಿನ ನಕಲು’ ಎಂದಷ್ಟೇ ಬರೆಯಿರಿ. ನಕಲಿಗೆ ಪುಟಕ್ಕೆ 2 ರೂಪಾಯಿ. 30 ದಿನದಲ್ಲಿ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ನಕಲು ಬಂದಾಗ ಸಹಿಗಳನ್ನಷ್ಟೇ ಎಣಿಸಬೇಡಿ. ಸಭೆಯ ನಂತರ ಮನೆಮನೆಗೆ ಪುಸ್ತಕ ಒಯ್ದು ಸಹಿ ಹಾಕಿಸುವುದು ಎಲ್ಲೆಡೆ ಇರುವ ಚಾಳಿ. ನಿರ್ಣಯದ ಕೊನೆ ಸಾಲಿಗೂ ಅಧ್ಯಕ್ಷರ ಸಹಿಗೂ ನಡುವೆ ಇಕ್ಕಟ್ಟಾಗಿ, ಬೇರೆ ಶಾಯಿಯಲ್ಲಿ ತುರುಕಿದ ಸಾಲಿದ್ದರೆ ಅದನ್ನೇ ಗುರುತು ಮಾಡಿ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಹಣಾಧಿಕಾರಿಗೆ ದೂರು ಕೊಡಿ.

ಪ್ರಶ್ನೆ: ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿ ಹದಿನೈದು ವರ್ಷದಿಂದ ಪಂಚಾಯಿತಿಗೆ ಕಂದಾಯ ಕಟ್ಟುತ್ತಿದ್ದೇವೆ. ಹಕ್ಕು ಬಂದಂತೆಯೇ?

ಇಲ್ಲ. ಕಂದಾಯ ರಸೀತಿ ಸ್ವಾಧೀನದ ಸಾಕ್ಷಿ, ಮಾಲೀಕತ್ವದ್ದಲ್ಲ. ಸರ್ಕಾರಿ ಜಾಗದ ಮನೆ ಸಕ್ರಮಕ್ಕೆಂದು ಭೂಕಂದಾಯ ಕಾಯ್ದೆಯ 94ಸಿ ಅಡಿ ಅರ್ಜಿ ಹಾಕಿದ್ದರೆ ಅದರ ಸ್ಥಿತಿ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ. ರಸೀತಿಗಳು ಅಲ್ಲಿ ಉಪಯೋಗಕ್ಕೆ ಬರುತ್ತವೆ.

ಪ್ರಶ್ನೆ: ಊರ ಕೆರೆ ಏರಿ ಬಿರುಕು ಬಿಟ್ಟಿದೆ. ಯಾರಿಗೆ ಹೇಳಬೇಕು?

ಅಚ್ಚುಕಟ್ಟು, ಅಂದರೆ ಕೆರೆ ನೀರುಣಿಸುವ ಜಮೀನು, ಎಷ್ಟು ಎಂಬುದರ ಮೇಲೆ ನಿಂತಿದೆ. 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಪಂಚಾಯತ್ ರಾಜ್ ವ್ಯವಸ್ಥೆಯ ಕೆರೆ. 40ರಿಂದ 2,000 ಹೆಕ್ಟೇರ್ ಆದರೆ ಸಣ್ಣ ನೀರಾವರಿ ಇಲಾಖೆಯದು. ಏರಿ ಬಿರುಕಿಗೆ ಮಾತ್ರ ಈ ಲೆಕ್ಕಕ್ಕೆ ಕಾಯಬೇಡಿ. ಇಬ್ಬರಿಗೂ, ತಹಶೀಲ್ದಾರರಿಗೂ ಅವತ್ತೇ ತಿಳಿಸಿ. ಬಿರುಕು ಏರಿಯ ಉದ್ದಕ್ಕೆ ಇದೆಯೋ ಅಡ್ಡಕ್ಕೋ, ಹಿಂಬದಿಯಲ್ಲಿ ಒಸರುವ ನೀರು ತಿಳಿಯೋ ಮಣ್ಣುಬಣ್ಣವೋ ಎಂಬುದನ್ನು ಹೇಳಿ. ಮಣ್ಣುಬಣ್ಣದ ಒಸರು ಎಂದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದರ್ಥ.

ಪ್ರಶ್ನೆ: ನಮ್ಮೂರ ಬೀದಿದೀಪ ಹಗಲೂ ಉರಿಯುತ್ತವೆ. ಪಂಚಾಯಿತಿ ಬಿಲ್ಲು ಏರುತ್ತಿದೆ. ಆರಿಸಲು ಸ್ವಿಚ್ಚೇ ಇಲ್ಲವಂತೆ, ನಿಜವೇ?

ನಿಜ ಇರಬಹುದು. ಬೀದಿದೀಪಕ್ಕೆ ಕಂಬದ ಮೇಲೆ ಬೇರೆ ತಂತಿ ಎಳೆಯದೆ ಮನೆಗಳಿಗೆ ಹೋಗುವ ಫೇಸಿಗೇ ಕಟ್ಟಿದ್ದರೆ ಆರಿಸುವ ದಾರಿ ಇರುವುದಿಲ್ಲ. 40 ವ್ಯಾಟಿನ ನೂರು ದೀಪ ಹಗಲು 12 ಗಂಟೆ ಉರಿದರೆ ದಿನಕ್ಕೆ 48 ಯೂನಿಟ್ ದಂಡ. ಪ್ರತ್ಯೇಕ ತಂತಿ, ಟ್ರಾನ್ಸ್‌ಫಾರ್ಮರ್ ಬಳಿ ಮೀಟರು, ಜತೆಗೆ ಟೈಮರು ಬೇಕು. ಪಂಚಾಯಿತಿ ನಿರ್ಣಯ ಮಾಡಿ ವಿದ್ಯುತ್ ಕಂಪನಿಯ ಉಪವಿಭಾಗದಿಂದ ಅಂದಾಜುಪಟ್ಟಿ ತರಿಸಿ ಹಣ ಕಟ್ಟಬೇಕು. ಮೀಟರು ಇಲ್ಲದೆ ಬರೀ ಟೈಮರು ಹಾಕಿದರೆ ದೀಪ ಆರುತ್ತದೆ, ಬಿಲ್ಲು ಇಳಿಯುವುದಿಲ್ಲ. ಕಂಪನಿ ದೀಪಗಳ ಲೆಕ್ಕ ಹಿಡಿದೇ ಬಿಲ್ಲು ಹಾಕುತ್ತದೆ. ಹಾಗಾಗಿ ಮೊದಲು ಮೀಟರು, ಆಮೇಲೆ ಟೈಮರು.